ಚಾಕಿ ಕಾರಿಗೆ ನಾನು ಹಾಕಿದ ಫ್ಯೂಸು

ನಮ್ಮ ಕಡೆ ಕಾರಿನ ಹೀಟರ್ ಕೆಟ್ಟಿದೆ ಎಂದು ಯಾರೂ ಬರುವುದಿಲ್ಲ. ಬೇಸಿಗೆಯಲ್ಲಿ ಏಸಿ ಕೆಟ್ಟರೆ ನನ್ನ ಅಂಗಡಿ ಮುಂದೆ ಗಾಡಿಗಳು ಸಾಲುಗಟ್ಟುತ್ತವೆ. ಚಳಿಗಾಲದಲ್ಲಿ ಜನ ಕಿವಿಗೆ ಮಫ್ಲರ್ ಸುತ್ತಿಕೊಂಡು, ಗಾಜು ಏರಿಸಿಕೊಂಡು ಹೋಗುತ್ತಾರೆ, ಅಷ್ಟೆ. ಮುಳಬಾಗಿಲಿನಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವ ನನಗೆ ಹೀಟರ್ ಸಲುವಾಗಿ ಜೀವ ಹಿಂಡುತ್ತಿದ್ದ ಗಿರಾಕಿ ಒಬ್ಬರೇ, ಆವನಿ ಪಕ್ಕದ ಹಳ್ಳಿಯ ಒಬ್ಬ ಅಕ್ಕ.

ಅವರದು ಚಾಕಿ ಕೇಂದ್ರ. ರೇಷ್ಮೆ ಹುಳು ಮೊಟ್ಟೆಯೊಡೆದಾಗ ಇರುವೆಗಿಂತ ಸಣ್ಣದಿರುತ್ತದೆ. ಅದು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎರಡನೇ ಜ್ವರ ಮುಗಿಸಿ ಏಳುವವರೆಗೆ ಹುಳುಗಳನ್ನು ಕೂಸಿನಂತೆ ಸಾಕಿ, ಆಮೇಲೆ ಊರೂರಿನ ರೈತರ ಮನೆಗೆ ತಲುಪಿಸುವುದು ಅಕ್ಕನ ಕಸುಬು. ಅಷ್ಟು ಎಳೆಯ ಹುಳು ಚಳಿ ತಡೆಯುವುದಿಲ್ಲ. ಅದಕ್ಕೇ ಹೀಟರ್ ಇರುವ ಅವರ ಹಳೆಯ ಕಾರಿನ ಹಿಂದಿನ ಸೀಟು ಕಿತ್ತು, ಹುಳುವಿನ ತಟ್ಟೆಗಳನ್ನು ಜೋಡಿಸಲು ಕಬ್ಬಿಣದ ಚೌಕಟ್ಟು ಕೂರಿಸಿದ್ದರು. ಅವರ ತಮ್ಮ ಕಾರು ಓಡಿಸುವುದು, ಅಕ್ಕ ಹಿಂದೆ ತಟ್ಟೆಗಳ ಪಕ್ಕ ಒಂದು ಮಣೆ ಹಾಕಿಕೊಂಡು ಕೂರುವುದು. ಸೂರ್ಯ ಹುಟ್ಟುವ ಹೊತ್ತಿಗೆ ಹೊರಟರೆ ಒಂದು ದಿನ ಶ್ರೀನಿವಾಸಪುರದ ಕಡೆ, ಇನ್ನೊಂದು ದಿನ ಮಾಲೂರು, ಟೇಕಲ್ ಕಡೆ.

ಆ ಕಾರಿಗೆ ಇದ್ದಷ್ಟು ಮಡಿ ನಮ್ಮ ಮನೆ ದೇವರಿಗೂ ಇಲ್ಲ. ಅದರ ಹತ್ತಿರ ಬೀಡಿ ಸೇದುವಂತಿಲ್ಲ, ಡ್ಯಾಶ್‌ಬೋರ್ಡಿನ ಮೇಲೆ ಊದುಬತ್ತಿ ಹಚ್ಚುವಂತಿಲ್ಲ. ನಾನು ಕನೆಕ್ಷನ್ ತೊಳೆಯಲು ಬಳಸುವ ಸ್ಪ್ರೇ ಡಬ್ಬಿಯನ್ನಂತೂ ಅಕ್ಕ ಕಂಡರೆ ಕಿತ್ತುಕೊಳ್ಳುತ್ತಿದ್ದರು. ಹೊರಗಿನ ಗಾಳಿ ಒಳಗೆ ಬರದಂತೆ ತಡೆಯುವ ಗುಂಡಿಯನ್ನು ಸದಾ ಒತ್ತಿಯೇ ಇಟ್ಟಿರಬೇಕು.

"ದಾರೀಲಿ ಯಾವನಾದ್ರೂ ಟೊಮೇಟೊಗೆ ಔಷಧಿ ಹೊಡೀತಾ ಇರ್ತಾನೆ ಕಣಪ್ಪಾ. ಆ ಗಾಳಿ ಒಂಚೂರು ಒಳಗೆ ಬಂತೂ ಅಂದ್ರೆ ನಮ್ ಹುಳ ತಲೆ ಎತ್ತಿಬಿಡ್ತವೆ. ತಲೆ ಎತ್ತಿದ್ಮೇಲೆ ಮುಗೀತು" ಎಂದು ಒಮ್ಮೆ ಹೇಳಿದ್ದರು. ಸೊಪ್ಪಿನ ಮೇಲೆ ಬಾಯಿಟ್ಟ ಹುಳು ತಲೆಯೆತ್ತಿ ಆಚೀಚೆ ಆಡಿಸತೊಡಗಿದರೆ ವಿಷದ ಗಾಳಿ ತಗಲಿತೆಂದು ಅರ್ಥವಂತೆ. ನಾನು ತಮಾಷೆಗೆ, "ಹಂಗಾದ್ರೆ ನಿಮ್ ಹುಳ ನನ್ ಮೀಟರ್‌ಗಿಂತ ಚುರುಕು ಬಿಡಿ ಅಕ್ಕಾ" ಎಂದಿದ್ದೆ.

ಡಿಸೆಂಬರ್ ನಡುವೆ ಮೊದಲ ದೂರು ಬಂತು. ಫ್ಯಾನು ಒಂದು, ಎರಡು, ಮೂರರಲ್ಲಿ ತಿರುಗುತ್ತಿಲ್ಲ, ನಾಲ್ಕರಲ್ಲಿ ಮಾತ್ರ ತಿರುಗುತ್ತದೆ. ಇದು ಈ ಕಸುಬಿನಲ್ಲಿ ಒಂದನೇ ತರಗತಿ ಪಾಠ. ಕಡಿಮೆ ವೇಗಗಳಿಗೆ ಕರೆಂಟನ್ನು ತಗ್ಗಿಸಿ ಕೊಡುವ ರೆಸಿಸ್ಟರ್ ಎಂಬ ಸಣ್ಣ ತುಂಡೊಂದಿರುತ್ತದೆ, ಅದು ಸುಟ್ಟಿದೆ. ನಾಲ್ಕನೇ ವೇಗಕ್ಕೆ ಅದರ ಹಂಗಿಲ್ಲ. ಕೋಲಾರದಿಂದ ಹೊಸದು ತರಿಸಿ ಹಾಕಿದೆ. ನಾಲ್ಕೂ ವೇಗ ಬಂದವು. ಅಕ್ಕ ಖುಷಿಯಾಗಿ ಒಂದು ಚೀಲ ಅವರೆಕಾಯಿ ಕೊಟ್ಟು ಹೋದರು.

ರೆಸಿಸ್ಟರ್ ಏಕೆ ಸುಟ್ಟಿತು ಎಂದು ನಾನು ಕೇಳಿಕೊಳ್ಳಲಿಲ್ಲ. ಅದು ಕೂತಿರುವುದು ಫ್ಯಾನಿನ ಗಾಳಿ ಬರುವ ದಾರಿಯಲ್ಲಿ. ಆ ಗಾಳಿಯೇ ಅದನ್ನು ತಣ್ಣಗಿಡಬೇಕು. ಅದು ಸುಟ್ಟಿತೆಂದರೆ ಗಾಳಿ ಕಡಿಮೆಯಾಗಿದೆ, ಎಂದರೆ ಮೋಟಾರು ಏದುಸಿರು ಬಿಡುತ್ತಿದೆ. ಡ್ಯಾಶ್ ಕೆಳಗೆ ಕೈ ಹಾಕಿದಾಗ ಬೆರಳಿಗೆ ಬಿಳಿ ಪುಡಿ ಮೆತ್ತಿಕೊಂಡಿತ್ತು. ಧೂಳು ಎಂದುಕೊಂಡು ಪ್ಯಾಂಟಿಗೆ ಒರೆಸಿಕೊಂಡೆ.

ಜನವರಿಯಲ್ಲಿ, ಸಂಕ್ರಾಂತಿಗೆ ಇನ್ನೂ ಕೆಲವು ದಿನವಿರುವಾಗ, ಬೆಳಗ್ಗೆ ಏಳಕ್ಕೆ ನಾನು ಬಾಗಿಲು ಎತ್ತುವ ಹೊತ್ತಿಗೆ ಕಾರು ಬಂದು ನಿಂತಿತು. ಮಂಜು ಇನ್ನೂ ಕರಗಿರಲಿಲ್ಲ. ಫ್ಯಾನು ಪೂರ್ತಿ ನಿಂತಿದೆ. ಒಳಗೆ ಚೌಕಟ್ಟಿನ ತುಂಬ ತಟ್ಟೆಗಳು, ಮೇಲೆ ಮೇಣದ ಕಾಗದ. ಅಕ್ಕ ಇಳಿಯಲೂ ಇಲ್ಲ, ಗಾಜನ್ನು ಎರಡು ಬೆರಳಷ್ಟು ಇಳಿಸಿ ಮಾತಾಡಿದರು.

"ಬೇಗ ನೋಡಪ್ಪಾ. ಹುಳ ತಣ್ಣಗಾಗ್ತಾ ಅವೆ. ಶ್ರೀನಿವಾಸಪುರದ ಕಡೆ ರೈತರು ಸೊಪ್ಪು ಕುಯ್ದು ಇಟ್ಕೊಂಡು ಕಾಯ್ತಾವ್ರೆ."

ಫ್ಯೂಸ್ ಪೆಟ್ಟಿಗೆ ತೆಗೆದೆ. ಫ್ಯಾನಿನ ಮೂವತ್ತು ಆಂಪಿಯರ್ ಫ್ಯೂಸು ಹೋಗಿತ್ತು. ಹಸಿರು ಬಣ್ಣದ್ದು. ಇನ್ನೊಂದು ಹಸಿರು ಹಾಕಿ ಸ್ವಿಚ್ ತಿರುಗಿಸಿದೆ. ಫ್ಯಾನು ನರಳುತ್ತ ಶುರುವಾಯಿತು, ಎರಡು ನಿಮಿಷ ಓಡಿತು, ನಿಂತಿತು. ಎರಡನೆಯದೂ ಹೋಯಿತು.

ಆಗ ಮಾಡಬೇಕಾದದ್ದು ನನಗೆ ಗೊತ್ತಿತ್ತು. ಡ್ಯಾಶ್‌ಬೋರ್ಡಿನ ಮುಂದಿನ ಸಾಮಾನು ಡಬ್ಬಿ ಬಿಚ್ಚಬೇಕು, ಮೋಟಾರು ಇಳಿಸಬೇಕು, ಅದು ಎಷ್ಟು ಕರೆಂಟು ಎಳೆಯುತ್ತದೆಂದು ಮೀಟರಿನಲ್ಲಿ ನೋಡಬೇಕು. ಒಂದು ಗಂಟೆಯ ಕೆಲಸ, ಅದೂ ಬಾಗಿಲು ತೆರೆದಿಟ್ಟು. ಅಷ್ಟು ಹೊತ್ತು ಹುಳು ಆ ಚಳಿಯಲ್ಲಿ ಇರಬೇಕು.

"ಒಂದ್ ನಂಬರ್ ಜಾಸ್ತಿ ಹಾಕ್ಬಿಡಿ ಅಣ್ಣಾ" ಎಂದ ತಮ್ಮ. "ಟ್ರ್ಯಾಕ್ಟರ್‌ಗೆಲ್ಲ ನಾವು ತಂತೀನೇ ಸುತ್ತಿ ಓಡಿಸ್ತೀವಿ. ಏನಾಯ್ತದೆ?"

ಹಾಕಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವನು ನಾನೇ. ಆದರೂ ಡಬ್ಬದಿಂದ ಕಿತ್ತಳೆ ಬಣ್ಣದ ನಲವತ್ತನ್ನು ತೆಗೆದು ಒತ್ತಿದೆ. "ಮಧ್ಯಾಹ್ನ ಖಾಲಿ ಗಾಡಿ ತಂದು ಬಿಡಿ, ಬಿಚ್ಚಿ ನೋಡ್ತೀನಿ" ಎಂದೆ. ಏನು ಹಾಕಿದೆ ಎಂದು ಅಕ್ಕನಿಗೆ ಹೇಳಲಿಲ್ಲ. ಫ್ಯಾನು ತಿರುಗಿತು, ಅಕ್ಕ ಗಾಜು ಏರಿಸಿದರು, ಕಾರು ಹೋಯಿತು.

ಟೀ ತರಿಸಿಕೊಂಡು ಕೂತೆ. ಸುಟ್ಟ ಎರಡು ಫ್ಯೂಸುಗಳು ಇನ್ನೂ ಕೈಯಲ್ಲಿದ್ದವು. ಸುಮ್ಮನೆ ಬೆಳಕಿಗೆ ಹಿಡಿದೆ. ಎಲ್ಲೋ ವೈರು ತಗಲಿ ಶಾರ್ಟ್ ಆಗಿದ್ದರೆ ಒಳಗೆ ಕಪ್ಪು ಮಸಿ ಹಿಡಿದಿರಬೇಕು. ಇವುಗಳಲ್ಲಿ ಮಸಿ ಇಲ್ಲ. ಒಳಗಿನ ಪಟ್ಟಿ ಮೆಲ್ಲಗೆ ಕರಗಿ ಜೋತು ಬಿದ್ದಿದೆ, ಕಾಲಿನ ಹತ್ತಿರದ ಪ್ಲಾಸ್ಟಿಕ್ ಕಂದಾಗಿ ಉಬ್ಬಿದೆ. ಇದು ನಿಧಾನವಾಗಿ ಕಾದು ಕರಗಿದ ಫ್ಯೂಸು. ಬಿಗಿದು ಹೋದ ಮೋಟಾರು ತಡೆಯಿಲ್ಲದೆ ಕರೆಂಟು ಎಳೆಯುತ್ತಿದೆ. ಮೊದಲು ಫ್ಯೂಸು ಕರಗಿ ಕಾಪಾಡುತ್ತಿತ್ತು. ಈಗ ಫ್ಯೂಸು ಕರಗುವುದಿಲ್ಲ. ಕರಗಬೇಕಾದದ್ದು ಇನ್ನು ವೈರು. ಆ ವೈರು ಹಾದು ಹೋಗಿರುವುದು ಕಾಲಡಿಯ ಕಾರ್ಪೆಟ್ಟಿನ ಒತ್ತಿಗೆ, ಹಿಂದೆ ಇರುವುದು ಮೇಣದ ಕಾಗದ. ಅಕ್ಕ ಕೂತಿರುವುದು ತಟ್ಟೆಗಳ ಸಂದಿಯಲ್ಲಿ. ಹಿಂದಿನ ಒಂದು ಬಾಗಿಲಿಗೆ ಚೌಕಟ್ಟು ಅಡ್ಡ ಇತ್ತು, ಅದನ್ನು ತೆರೆಯಲು ಆಗುತ್ತಿರಲಿಲ್ಲ.

ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ತಟ್ಟೆಗಳ ಹತ್ತಿರ ಕೂತಾಗ ಅಕ್ಕ ಫೋನು ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿದ್ದದ್ದೇ, ಕೈ ತೊಳೆದು ಕೂರುವವರು. ತಮ್ಮನ ನಂಬರು ನನ್ನಲ್ಲಿರಲಿಲ್ಲ. ಅರ್ಧ ತೆರೆದ ಬಾಗಿಲನ್ನು ಹಾಗೇ ಬಿಟ್ಟು, ಮೀಟರು, ಸ್ಪ್ಯಾನರು, ಕಟಿಂಗ್ ಪ್ಲೇಯರು ಚೀಲಕ್ಕೆ ತುಂಬಿಕೊಂಡು ಬೈಕು ಹತ್ತಿದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆಯನ್ನು ಎಷ್ಟೋ ಗಿರಾಕಿಗಳಿಗೆ ಹೇಳಿ ನಕ್ಕಿದ್ದೇನೆ. ಅವತ್ತು ಅದು ನನ್ನ ಪಾಲಿಗೇ ಬಂತು.

ನಾನು ಮೊದಲೇ ಪುಕ್ಕಲ. ಬೈಕನ್ನು ನಲವತ್ತರ ಮೇಲೆ ಓಡಿಸುವುದಿಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಅವತ್ತು ಮಂಜಿನಲ್ಲಿ ಎಷ್ಟರಲ್ಲಿ ಹೋದೆನೋ, ಮುಳ್ಳು ನೋಡಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಚಳಿಗೋ ಭಯಕ್ಕೋ ಹೇಳಲಾರೆ. ದಾರಿಯಲ್ಲಿ ನಿಂತ ಪ್ರತಿ ಬಿಳಿ ಕಾರೂ ಅದೇ ಎನಿಸುತ್ತಿತ್ತು. ಒಂದು ತಿರುವು ದಾಟಿದ ಮೇಲೆ ಮಾವಿನ ತೋಪಿನ ಆಚೆ ದಟ್ಟವಾಗಿ ಹೊಗೆ ಏಳುತ್ತಿರುವುದು ಕಂಡಿತು. ಆಕ್ಸಿಲರೇಟರು ಇಳಿಸಿದೆ. ಹತ್ತಿರ ಹೋಗಿ ನೋಡುವುದಕ್ಕಿಂತ ಹಿಂತಿರುಗಿ ಮನೆಗೆ ಹೋಗಿ ಮಲಗಿಬಿಡೋಣ ಎನಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ನಿಜ. ಹೋಗಿ ನೋಡಿದರೆ ಯಾರೋ ತೋಪಿನ ಒಣಗಿದ ಎಲೆ ಗುಡ್ಡೆ ಹಾಕಿ ಸುಡುತ್ತಿದ್ದರು.

ಇನ್ನೂ ಎರಡು ಮೈಲಿ ಮುಂದೆ ಕಾರು ಸಿಕ್ಕಿತು. ರಸ್ತೆ ಬದಿಗೆ, ಹುಣಸೆ ಮರದ ಕೆಳಗೆ ನಿಂತಿತ್ತು. ಹೊಗೆ ಇರಲಿಲ್ಲ. ಅಕ್ಕ ಹೊರಗೆ ನಿಂತು ಎರಡು ತಟ್ಟೆಗಳನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದರು. ಅವರ ತಮ್ಮ ಮುಂದಿನ ಸೀಟಿನಲ್ಲಿ ಕೂತು ಫ್ಯಾನಿನ ಸ್ವಿಚ್ಚಿಗೆ ಕೈ ಚಾಚಿದ್ದ.

"ಹಾಕ್ಬೇಡ" ಎಂದು ಬೈಕಿನ ಮೇಲಿಂದಲೇ ಕೂಗಿದೆ. "ಕೈ ತೆಗಿ. ಕೆಳಗಿಳಿ ಮೊದಲು."

ಅವನು ತಬ್ಬಿಬ್ಬಾಗಿ ಇಳಿದ. "ಹುಳ ತಣ್ಣಗಾಗ್ತವೆ ಅಂತ ಇನ್ನೊಂದ್ಸಲ ಹಾಕಿ ನೋಡ್ತಿದ್ದೆ ಅಣ್ಣಾ. ನೀವ್ಯಾಕ್ ಬಂದ್ರಿ?"

ನಾನು ಬಾನೆಟ್ ಎತ್ತಿ ಬ್ಯಾಟರಿಯ ಮೈನಸ್ ವೈರನ್ನು ಬಿಚ್ಚಿ ಎಳೆದು ಹಾಕಿದೆ. ಕಾರಿನೊಳಗೆ ಬಗ್ಗಿದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಸಣ್ಣಗಿತ್ತು, ಗಮನವಿಟ್ಟರೆ ಮಾತ್ರ ತಿಳಿಯುವಷ್ಟು.

"ವಾಸನೆ ಬಂತು ಅಂತ ನಿಲ್ಸಿದ್ರಾ ಅಕ್ಕಾ?"

"ವಾಸನೆ ಎಲ್ಲಿ ಬಂತು? ನಂಗೂ ಬರ್ಲಿಲ್ಲ, ಇವನಿಗೂ ಬರ್ಲಿಲ್ಲ. ಮುಂದಿನ ತಟ್ಟೇಲಿ ಹುಳ ತಲೆ ಎತ್ತಿದ್ವು. ಯಾರೋ ಔಷಧಿ ಹೊಡೀತಾವ್ರೆ ಅಂತ ಆಚೆ ನೋಡಿದ್ರೆ ಎರಡೂ ಕಡೆ ಬರೀ ರಾಗಿ ಕೂಳೆ. ಹೊಲದಲ್ಲಿ ಒಬ್ಬ ಮನುಷ್ಯ ಇಲ್ಲ. ಆಗ ಭಯ ಆಯ್ತು ನೋಡು. ಆಪ್ರಾ, ಆಪ್ರಾ ಅಂತ ಕಿರುಚ್ಕೊಂಡೆ."

ಮನೆಯಲ್ಲಿ ಆಡುವ ತೆಲುಗು ಭಯದಲ್ಲಿ ತಾನೇ ಬಂದಿತ್ತು, ನಿಲ್ಲಿಸೋ ಎಂದು. ಸೆರಗು ಸರಿಸಿ ತಟ್ಟೆ ತೋರಿಸಿದರು. ಹುಳುಗಳು ಹಸಿರು ನೀರು ಕಕ್ಕಿ ಸೊಪ್ಪಿನ ಮೇಲೆ ಮುರುಟಿ ಬಿದ್ದಿದ್ದವು. ಗಾಳಿ ನೇರವಾಗಿ ಬಡಿಯುವ ಆ ಎರಡು ತಟ್ಟೆಗಳು ಹೋಗಿದ್ದವು, ಹಿಂದಿನವು ಇನ್ನೂ ಮೇಯುತ್ತಿದ್ದವು.

ಅವು ತಣ್ಣಗಾಗದಂತೆ ಏನಾದರೂ ಮಾಡಬೇಕಿತ್ತು. ಫ್ಯಾನು ಇಲ್ಲದಿದ್ದರೂ ಹೊರಗಿನ ಗಾಳಿಯ ದಾರಿ ತೆರೆದರೆ ಓಡುವ ಕಾರಿನಲ್ಲಿ ಒಂದಿಷ್ಟು ಬಿಸಿ ಬರುತ್ತದೆ ಎಂದೆ. ಅಕ್ಕ ಬೇಡವೆಂದು ತಲೆಯಾಡಿಸಿದರು, ಮುಂದೆಲ್ಲ ಟೊಮೇಟೊ ಹೊಲಗಳೇ. ಅವರೇ ಯೋಚಿಸಿ ತಮ್ಮನನ್ನು ಹತ್ತಿರದ ಇನ್ನೊಂದು ತೋಪಿನ ಕಾವಲುಗಾರನ ಮನೆಗೆ ಅಟ್ಟಿದರು. ಅಲ್ಲಿ ಸ್ನಾನದ ಹಂಡೆ ಕಾಯುತ್ತಿತ್ತು. ಕಾರಿನಲ್ಲಿದ್ದ ಬಾಟಲಿ, ಕ್ಯಾನುಗಳಿಗೆಲ್ಲ ಬಿಸಿನೀರು ತುಂಬಿಸಿ, ಬಟ್ಟೆ ಸುತ್ತಿ ತಟ್ಟೆಗಳ ಸಂದಿಗೆ ಇಟ್ಟರು.

ಅಷ್ಟರಲ್ಲಿ ನಾನು ಫ್ಯೂಸ್ ಪೆಟ್ಟಿಗೆ ತೆರೆದಿದ್ದೆ. ಕಿತ್ತಳೆ ಫ್ಯೂಸು ಅಲುಗಾಡದೆ ಕೂತಿತ್ತು. ಅದರ ಸುತ್ತಲ ಪೆಟ್ಟಿಗೆಯ ಪ್ಲಾಸ್ಟಿಕ್ ಮೆತ್ತಗಾಗಿ ಕುಸಿದಿತ್ತು. ಪ್ಲೇಯರಿನಲ್ಲಿ ಕಿತ್ತೆ. ಡ್ಯಾಶ್ ಕೆಳಗೆ ಟಾರ್ಚು ಬಿಟ್ಟು ನೋಡಿದೆ. ಮೋಟಾರಿನ ವೈರಿನ ಮೇಲಿನ ಹೊದಿಕೆ ಒಂದು ಗೇಣುದ್ದ ಸುಲಿದು ತಾಮ್ರ ಕಾಣುತ್ತಿತ್ತು, ಅದು ಒರಗಿದ್ದ ಜಾಗದಲ್ಲಿ ಕಾರ್ಪೆಟ್ಟಿನ ನೂಲು ಕಂದಾಗಿತ್ತು. ಇನ್ನು ಎಷ್ಟು ನಿಮಿಷ ಬಾಕಿ ಇತ್ತೋ. ಅದನ್ನು ಲೆಕ್ಕ ಹಾಕಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಫ್ಯೂಸು ನನ್ನ ಮುಷ್ಟಿಯಲ್ಲಿತ್ತು. ಅಕ್ಕ ಆಚೆ ಬದಿಯಲ್ಲಿ ಬಾಟಲಿ ಜೋಡಿಸುತ್ತಿದ್ದರು. ಅದನ್ನು ಜೇಬಿಗೆ ಹಾಕಿಕೊಂಡು, ಹಳೇ ಗಾಡಿ, ವೈರು ಹಳಸಿತ್ತು ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಮ್ಮನಿಗೆ ಗೊತ್ತಿತ್ತು, ಆದರೆ ಹಾಕು ಎಂದವನೇ ಅವನು, ಬಾಯಿ ಬಿಡುತ್ತಿರಲಿಲ್ಲ. ಚಾಕಿ ಅಕ್ಕನ ಮಾತು ಮೂರು ತಾಲ್ಲೂಕಿನ ರೇಷ್ಮೆ ಮನೆಗಳಲ್ಲಿ ನಡೆಯುತ್ತದೆ. ಅವರು ಒಂದು ಮಾತು ಆಡಿದರೆ ನನ್ನ ಅಂಗಡಿಗೆ ಆ ಕಡೆಯ ಗಾಡಿ ಒಂದೂ ಬರುವುದಿಲ್ಲ. ಆದರೆ ಹೇಳದೆ ಬಿಟ್ಟರೆ ಇವರಿಗೆ ನಿಜವಾದ ಕಾರಣ ತಿಳಿಯುವುದಿಲ್ಲ. ನಾಳೆ ಇನ್ನೊಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಒಂದು ನಂಬರ್ ಜಾಸ್ತಿ ಹಾಕಪ್ಪಾ ಎನ್ನುತ್ತಾರೆ. ಅವನೂ ನನ್ನ ಹಾಗೆ ಅವಸರದಲ್ಲಿದ್ದರೆ ಹಾಕಿಬಿಡುತ್ತಾನೆ.

ಹೋಗಿ ಮುಷ್ಟಿ ಬಿಚ್ಚಿದೆ. "ಅಕ್ಕಾ, ಇದಕ್ಕೆ ಮೂವತ್ತು ಹಾಕ್ಬೇಕು. ನಾನು ನಲವತ್ತು ಹಾಕ್ದೆ. ಗೊತ್ತಿದ್ದೇ ಹಾಕ್ದೆ. ನಿಮಗೆ ಹೇಳ್ಲಿಲ್ಲ."

ಅಕ್ಕ ಫ್ಯೂಸನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಅದರ ತಲೆಯ ಮೇಲಿನ ಅಂಕಿಯನ್ನು ಉಗುರಿನಿಂದ ಮುಟ್ಟಿದರು.

"ನಿನ್ ಹೆಂಡ್ರು ಮಕ್ಕಳು ಕೂತಿರೋ ಗಾಡಿಗೂ ಇದನ್ನೇ ಹಾಕ್ತಿದ್ದಾ?"

ಇಲ್ಲ ಎಂದೆ. ಅವರು ಬೈದಿದ್ದರೆ ಹಗುರಾಗುತ್ತಿದ್ದೆ. ಬೈಯಲಿಲ್ಲ. "ಇವತ್ತಿಗೆ ಹುಳ ತಲುಪಿಸಬೇಕು, ಗಾಡಿ ಓಡ್ತದಾ ಅದನ್ ಹೇಳು" ಎಂದರು. ಸುಟ್ಟ ವೈರನ್ನು ಬೇರಿಂದಲೇ ಕತ್ತರಿಸಿ, ತುದಿಗೆ ಟೇಪು ಸುತ್ತಿ, ಬ್ಯಾಟರಿ ಕೂಡಿಸಿ, ಬೇರೆಲ್ಲೂ ಬಿಸಿ ಇಲ್ಲವೆಂದು ಕೈಯಿಂದ ಮುಟ್ಟಿ ಮುಟ್ಟಿ ನೋಡಿದ ಮೇಲೆ ಕಾರು ಹೊರಟಿತು. ಕೊನೆಯ ರೈತನ ಮನೆಯವರೆಗೂ ಅವರ ಹಿಂದೆಯೇ ಬೈಕಿನಲ್ಲಿ ಹೋದೆ. ಸತ್ತ ಎರಡು ತಟ್ಟೆ ಹುಳು ಸೇರಬೇಕಿದ್ದ ಮನೆಯ ಅಂಗಳದಲ್ಲಿ ಅಕ್ಕ, "ದಾರೀಲಿ ಹೊಗೆ ತಗಲ್ತು, ಮುಂದಿನ ಸಲ ನಿಮಗೇ ಮೊದಲು" ಎಂದರು. ಯಾರ ತಪ್ಪು ಎಂದು ಹೇಳಲಿಲ್ಲ. ನಾನು ಬೇಲಿಯ ಆಚೆ ನಿಂತು ಕೇಳಿಸಿಕೊಂಡೆ.

ಮರುದಿನ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಮುಂದಿನ ಡಬ್ಬಿ ಕಳಚಿ ಮೋಟಾರು ಇಳಿಸಿದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಫ್ಯಾನಿನ ಚಕ್ರವನ್ನು ಬೆರಳಿನಿಂದ ತಳ್ಳಿದರೆ ಅರ್ಧ ಸುತ್ತಿಗೇ ನಿಂತಿತು. ಒಳ್ಳೆಯದಾದರೆ ಹತ್ತು ಸುತ್ತು ತಾನೇ ಸುತ್ತಬೇಕು. ನೇರ ಬ್ಯಾಟರಿಗೆ ಕೊಟ್ಟು ಕರೆಂಟು ಅಳೆದರೆ ಮೀಟರು ಮೂವತ್ತು ದಾಟಿ ಹೋಯಿತು. ಅದಕ್ಕೆ ಅದರ ಅರ್ಧ ಸಾಕು. ಚಕ್ರದ ರೆಕ್ಕೆಗಳ ನಡುವೆ ಒಣಗಿದ ಹಿಪ್ಪುನೇರಳೆ ಸೊಪ್ಪಿನ ಚೂರು, ಅದರ ಮೇಲೆ ಗಾರೆ ಮೆತ್ತಿದಂತೆ ಬಿಳಿ ಪದರ. ಮೂಸಿದರೆ ಮೂಗು ಉರಿಯಿತು.

"ಇದೇನಕ್ಕಾ?"

"ಸುಣ್ಣ, ಬ್ಲೀಚಿಂಗ್ ಪೌಡರ್" ಎಂದರು. "ಒಂದೊಂದು ಊರಿಂದ ಬಂದ್ಮೇಲೂ ಕಾರೊಳಗೆ ಉದುರಿಸ್ತೀನಿ. ಇಲ್ದಿದ್ರೆ ಅವರ ಮನೆ ಹುಳದ ಹಾಲುರೋಗ ನಮ್ ಹುಳಕ್ಕೆ ಬರ್ತದೆ."

ಹುಳು ಮನೆಯ ನೆಲಕ್ಕೆ ಸರಿಯಾದ ಮಡಿ ಅದು. ಕಾರಿನಲ್ಲಿ ಹೊರಗಾಳಿಯ ದಾರಿ ಮುಚ್ಚಿದ್ದರಿಂದ ಫ್ಯಾನು ಕಾಲಡಿಯ ಗಾಳಿಯನ್ನೇ ಎಳೆಯುತ್ತಿತ್ತು, ಜೊತೆಗೆ ಉದುರಿಸಿದ ಪುಡಿಯನ್ನೂ. ಮೋಟಾರಿನ ಬೇರಿಂಗು, ತಾಮ್ರ ಎಲ್ಲವನ್ನೂ ಆ ಪುಡಿ ತಿಂದಿತ್ತು. ಹುಳುವಿಗೆ ಬೇನೆ ಬರಬಾರದೆಂದು ಮಾಡಿದ ಎರಡು ಎಚ್ಚರಿಕೆಗಳು ಸೇರಿ ಕಾರಿಗೆ ಬೇನೆ ತಂದಿದ್ದವು. ಅದನ್ನು ಹುಡುಕಿ ಹೇಳಬೇಕಾಗಿದ್ದ ನಾನು ಬೆರಳಿಗೆ ಮೆತ್ತಿದ್ದನ್ನು ಪ್ಯಾಂಟಿಗೆ ಒರೆಸಿಕೊಂಡಿದ್ದೆ.

ಹೊಸ ಮೋಟಾರು ಹಾಕಿದೆ. ಫ್ಯೂಸಿನಿಂದ ಮೋಟಾರಿನವರೆಗೆ ಹೊಸ ವೈರು ಎಳೆದು, ಕರಗಿದ ಕನೆಕ್ಟರು ಬದಲಿಸಿದೆ. ಗಾಳಿಯ ಪೆಟ್ಟಿಗೆಯನ್ನು ಸ್ಪ್ರೇ ಇಲ್ಲದೆ ಬರೀ ನೀರಿನಲ್ಲಿ ತೊಳೆದು ಒಂದು ಇಡೀ ದಿನ ಒಣಗಿಸಿದೆ. ಗಾಳಿ ಎಳೆಯುವ ಬಾಯಿಗೆ ನೈಲಾನ್ ಜಾಲರಿ ಕಟ್ಟಿದೆ. ಪುಡಿಯ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಾಗಿಲು ತೆಗೆದು ಬಿಸಿಲು ಕೊಡಿ ಎಂದೆ. ಒಂದು ಗಂಟೆ ಫ್ಯಾನು ಓಡಿಸಿ ಐದೈದು ನಿಮಿಷಕ್ಕೆ ವೈರು ಮುಟ್ಟಿ ನೋಡಿದೆ. ತಣ್ಣಗಿತ್ತು.

ಹೊರಡುವ ಮೊದಲು ಅಕ್ಕ ಫ್ಯೂಸ್ ಪೆಟ್ಟಿಗೆ ತೆಗೆಸಿದರು. ಕನ್ನಡಕ ಹಾಕಿಕೊಂಡು ಬಗ್ಗಿ, ಹಸಿರು ಫ್ಯೂಸಿನ ತಲೆಯ ಮೇಲಿನ ಅಂಕಿಯನ್ನು ಗಟ್ಟಿಯಾಗಿ ಓದಿದರು. "ಮೂವತ್ತು." ಮುಚ್ಚಳ ಹಾಕಿ ಹೋದರು.

ಆಮೇಲೆ ಯಾವ ಕೆಲಸಕ್ಕೆ ಬಂದರೂ ಹಾಗೇ ಮಾಡುತ್ತಾರೆ, ಹಾರ್ನ್ ಸರಿಮಾಡಿಸಲು ಬಂದರೂ ಸರಿ. ಬೇರೆ ಗಿರಾಕಿಗಳು ನೋಡಿ ನಗುತ್ತಾರೆ. "ಏನ್ರೀ, ನಿಮ್ಮನ್ನ ಅಷ್ಟೂ ನಂಬಲ್ವಾ ಆಯಮ್ಮ?" ಎಂದು ಒಬ್ಬ ಕೇಳಿದ. ಮೊದಮೊದಲು ಮುಖ ಸುಡುತ್ತಿತ್ತು. ಎಲ್ಲಾದರೂ ಅಡಗಿಕೊಳ್ಳೋಣ ಎನಿಸುತ್ತಿತ್ತು.

ಈ ಚಳಿಗಾಲದಲ್ಲಿ ಒಂದು ಬೆಳಗ್ಗೆ ಹೆಡ್‌ಲೈಟ್ ಬಲ್ಬು ಹಾಕಿಸಿಕೊಳ್ಳಲು ಬಂದರು. ಹಿಂದೆ ತಟ್ಟೆಗಳು ತುಂಬಿದ್ದವು, ಹೊತ್ತಾಗಿತ್ತು. ಬಲ್ಬು ಹಾಕಿದ ಕೂಡಲೇ ಅಕ್ಕನ ತಮ್ಮ ಕಾರು ತಿರುಗಿಸಿಬಿಟ್ಟ. "ಬಿಡಪ್ಪಾ, ನೀನ್ ಹಾಕಿರ್ತೀಯಾ, ಇನ್ನೇನ್ ನೋಡೋದು" ಎಂದು ಅಕ್ಕ ಒಳಗಿನಿಂದಲೇ ಕೈಯಾಡಿಸಿದರು. ಎರಡು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದು. ಖುಷಿಯಾಗಬೇಕಿತ್ತು. ಆದರೆ ಅದೇ ಹಳೆಯ ಭಯ ಮತ್ತೆ ಎದ್ದಿತು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಹಾಕಿ ಓಡಿ, ಕಾರಿಗೆ ಅಡ್ಡ ನಿಂತು ಬಾನೆಟ್ಟಿನ ಮೇಲೆ ಕೈ ಬಡಿದೆ.

"ಅಕ್ಕಾ, ಓದದೆ ಹೋಗ್ಬೇಡಿ."

ಅವರು ಇಳಿದು ಬಂದು ಕನ್ನಡಕ ಹಾಕಿಕೊಂಡು ಫ್ಯೂಸ್ ಪೆಟ್ಟಿಗೆಯತ್ತ ಬಗ್ಗಿದರು.

"ಮೂವತ್ತು" ಎಂದರು.

ನಾನು ದಾರಿ ಬಿಟ್ಟೆ.